ಹಸಿರು ಸೀರೆಯ ಗೆರೆ

ಎಂಟು ದಿನಕ್ಕೆಂದು ಕಾರವಾರಕ್ಕೆ ಹೋದವರು ಬೇಸಿಗೆ ರಜೆ ಮುಗಿಯುವವರೆಗೆ ಅಲ್ಲೇ ಬೀಡುಬಿಟ್ಟೆವು. ನನ್ನ ನಾದಿನಿಯ ಗಂಡನಿಗೆ ಅಲ್ಲಿ ಕೆಲಸ. ಬಸುರಿ ನಾದಿನಿಯನ್ನು ಸೀಮಂತಕ್ಕೆ ಮೊಳಕಾಲ್ಮೂರಿಗೆ ಕರೆತರಬೇಕಿತ್ತು. ಆ ಕೆಲಸಕ್ಕೆ ಒಬ್ಬರು ಹೋಗಿದ್ದರೂ ಸಾಕಿತ್ತು. ಅತ್ತೆ, ಮಾವ, ನಮ್ಮನೆಯವರು, ನಾನು, ಮಗಳು, ಒಂದು ಮೂಟೆ ರಾಗಿಹಿಟ್ಟು, ಇಷ್ಟೂ ಜನ ಹೊರಟೆವು. ನಾದಿನಿಯ ಗಂಡ ಪಾಪ, ಬಂದವರಿಗೆ ಹೋಗಿ ಎನ್ನಲಾರದ ಮನುಷ್ಯ.

ವಾಪಸ್ ಬರುವಾಗಲೂ ಯಾರಿಗೂ ಮನೆ ಸೇರುವ ಅವಸರವಿರಲಿಲ್ಲ. ದಾರಿಯಲ್ಲಿ ಚಳ್ಳಕೆರೆಯ ನನ್ನ ತವರಿಗೆ ಕಾಫಿಗೆಂದು ಇಳಿದೆವು. ಮಂಡಕ್ಕಿ ಮೆಣಸಿನಕಾಯಿ ತಿಂದೆವು, ರಾತ್ರಿ ಅಲ್ಲೇ ಮಲಗಿದೆವು. ಬೆಳಿಗ್ಗೆ ಎದ್ದ ಮಾವ, ‘ಸೊಸೆ ತವರಿಗೆ ಬಂದು ಒಂದೇ ದಿನಕ್ಕೆ ಎದ್ದೋದ್ರೆ ಏನ್ ಚೆಂದ?’ ಎಂದರು. ಮದುವೆಯಾದಾಗಿನಿಂದ ನನ್ನ ತವರಿನ ಮೇಲೆ ಅವರಿಗೆ ಇಷ್ಟು ಪ್ರೀತಿ ಉಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಮೊಳಕಾಲ್ಮೂರು ಸೇರಿದ ಮೇಲಿನ ನಮ್ಮ ಪಾಡು ಕೇಳಬಾರದು. ಬೀದಿಗಿಳಿದರೆ ಸಾಕು, ಮಾವ ಅಲೆ ಬರುತ್ತದೆ ಎನ್ನುವವರಂತೆ ಲುಂಗಿ ಎತ್ತಿ ಕಟ್ಟುತ್ತಿದ್ದರು. ನಮ್ಮನೆಯವರಿಗೆ ಮಧ್ಯಾಹ್ನ ಊಟವಾದ ತಕ್ಷಣ ಕಣ್ಣು ಎಳೆಯುತ್ತಿತ್ತು. ಮಗಳು ತಟ್ಟೆ ನೋಡಿ, ‘ಮುದ್ದೇನಾ?’ ಎಂದು ಮೂಗು ಮುರಿದಳು. ಅವಳನ್ನೇನು ಅನ್ನುವುದು, ರೂಢಿ ತಪ್ಪಿ ನಾನು ಮಾಡಿದ ಮುದ್ದೆಯ ತುಂಬ ಗಂಟು. ಮೂಟೆಯ ರಾಗಿಹಿಟ್ಟು ಹೋದ ಹಾಗೇ ವಾಪಸ್ ಬಂದಿತ್ತು. ಅಲ್ಲಿ ಎಲ್ಲರೂ ಅನ್ನ ಮೀನಿಗೆ ಮರುಳಾಗಿದ್ದರು.

ಎಲ್ಲರಿಗಿಂತ ಹೆಚ್ಚು ಮರುಳಾದವರು ಅತ್ತೆ. ಮೊದಲ ದಿನ ಚಪ್ಪಲಿ ಕೈಯಲ್ಲಿ ಹಿಡಿದು, ಸಮುದ್ರ ಎಲ್ಲಿ ಅಟ್ಟಿಸಿಕೊಂಡು ಬಂದೀತೋ ಎಂಬಂತೆ ದೂರ ನಿಂತಿದ್ದರು. ಆಮೇಲೆ ಅವರನ್ನು ನೀರಿನಿಂದ ಎಬ್ಬಿಸುವುದೇ ನಮಗೊಂದು ಕೆಲಸವಾಯಿತು. ‘ಕತ್ತಲಾತು, ಏಳವ್ವ,’ ಎಂದು ಮಗ ಕೂಗಿದರೆ, ಸೊಂಟದವರೆಗೆ ನೆನೆದು ಕುಳಿತವರು, ‘ಇನ್ನೊಂದ್ ಅಲೆ ಬರ್ಲಿ, ತಡಿಯಪ್ಪ,’ ಎನ್ನುತ್ತಿದ್ದರು.

ಅದೇ ಅತ್ತೆ, ಮನೆಗೆ ಬಂದ ಮೂರನೇ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು. ಅವರಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ‘ಲೇವಂಡಿ!’ ಎಂದು ಮಾವನನ್ನು ಚಾಪೆಯಿಂದ ಎಬ್ಬಿಸಿದರು. ಎಬ್ಬಿಸಲು ಕಾರಣವಿತ್ತು. ಸೀಮಂತದಲ್ಲಿ ನಾದಿನಿ ಉಡಬೇಕಾದ ಹಸಿರು ರೇಷ್ಮೆ ಸೀರೆ ಇನ್ನೂ ಮಗ್ಗದ ಮೇಲಿತ್ತು.

ನಮ್ಮ ಮನೆಯ ಪಡಸಾಲೆಯೆಂದರೆ ಮಗ್ಗ. ಮಾವ ಗುಂಡಿಯೊಳಗೆ ಕಾಲಿಟ್ಟು ಕೂತು ಸೀರೆಯ ಮೈ ನೇಯುತ್ತಾರೆ, ಅತ್ತೆ ಪಕ್ಕದಲ್ಲಿ ಕೂತು ಅಂಚಿನ ಲಾಳಿ ತೂರುತ್ತಾರೆ. ನಮ್ಮ ಬೀದಿಯ ಸೀಮಂತಗಳಲ್ಲಿ ಆರತಿಯಾದ ಮೇಲೆ ಒಂದು ಪದ್ಧತಿಯುಂಟು. ಬಂದ ಹೆಂಗಸರೆಲ್ಲ ಮಗ್ಗದ ಮನೆಯವರೇ. ಬಸುರಿಯ ಮುಖ ಆಮೇಲೆ, ಮೊದಲು ಸೀರೆ. ಸೆರಗು ಹಿಡಿದು, ಬೆರಳಲ್ಲಿ ತೀಡಿ, ಬೆಳಕಿಗೆ ಹಿಡಿದು ತಪ್ಪು ಹುಡುಕುತ್ತಾರೆ. ನಮ್ಮ ಮಗ್ಗದ ಸೀರೆಯಲ್ಲಿ ಇವತ್ತಿನವರೆಗೆ ಒಬ್ಬರಿಗೂ ತಪ್ಪು ಸಿಕ್ಕಿಲ್ಲ ಎನ್ನುವುದು ಅತ್ತೆಯ ಹೆಮ್ಮೆ. ಸಾರಿಗೆ ಉಪ್ಪು ಕಡಿಮೆಯೆಂದರೆ ಸಹಿಸಿಯಾರು, ಸೀರೆಯಲ್ಲಿ ಐಬು ಎಂದರೆ ಊಟ ಬಿಡುವ ಹೆಂಗಸು.

ಮಗ್ಗಕ್ಕೆ ಹೊದಿಸಿದ್ದ ಹಳೆ ಪಂಚೆ ಎಳೆದ ಮಾವ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಕೈಯಿಟ್ಟರು. ಊರು ಬಿಡುವಾಗ ಹಾಸನ್ನು ಸಡಿಲ ಮಾಡಿ ಹೋಗಬೇಕು. ಬಿಗಿಯಾಗಿಯೇ ಬಿಟ್ಟರೆ ಎಳೆ ಹಿಗ್ಗಿಹೋಗಿ, ಮತ್ತೆ ನೇಯ್ದಾಗ ಗೆರೆ ಬೀಳುತ್ತದೆ.

‘ಲೇ, ಸಡ್ಲ ಬಿಡಲಿಲ್ವೇನೋ?’

‘ನೀನು ಬಿಟ್ಟಿರ್ತೀಯ ಅಂದ್ಕಂಡಿದ್ದೆ ಅಪ್ಪ.’

ಆ ದಿನ ಗಾಡಿಯವನು ಹಾರನ್ ಹೊಡೆದ ಗಲಾಟೆಯಲ್ಲಿ ಅಪ್ಪ ಮಗನನ್ನು ನಂಬಿದ್ದರು, ಮಗ ಅಪ್ಪನನ್ನು. ಅತ್ತೆ ಇಬ್ಬರಿಗೂ ತೆಲುಗಿನಲ್ಲಿ ಚೆನ್ನಾಗಿ ಬಡಿಸಿದರು. ಆಮೇಲೆ ಗಂಡ ಹೆಂಡತಿ ಕೂತು ನೇಯ್ದರು. ಕೈಯೂ ಹಿಡಿತ ತಪ್ಪಿತ್ತು. ನಾಲ್ಕು ಬೆರಳು ನೇಯ್ದ ಮೇಲೆ ನೋಡಿದರೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಅಡ್ಡಲಾಗಿ ಒಂದು ಗೆರೆ. ತೋರಿಸುವವರೆಗೆ ನನಗೆ ಕಾಣಲಿಲ್ಲ. ಅತ್ತೆಗೆ ಅಡುಗೆಮನೆ ಬಾಗಿಲಿಂದಲೇ ಕಾಣುತ್ತಿತ್ತು. ಅದೂ ಸೆರಗಿಗೆ ಒಂದು ಮೊಳ ಈಚೆಗೆ. ನೆರಿಗೆಯಲ್ಲಿ ಮುಚ್ಚೋಣವೆಂದರೆ ಆಗದು, ಉಟ್ಟರೆ ಎದೆಯ ಮೇಲೆ ಬಂದು ಕೂರುವ ಜಾಗ.

‘ಯಾರು ನೋಡ್ತಾರೆ ಬಿಡೇ,’ ಎಂದರು ಮಾವ.

‘ಯಾರು ನೋಡಲ್ಲ ಹೇಳ್ರಿ!’ ಎಂದರು ಅತ್ತೆ. ‘ಬೆಳಗಾಗ್ಲಿ, ನಾನೇ ಬಿಚ್ತೀನಿ.’

ಬಿಚ್ಚುವುದೆಂದರೆ ಸುಲಭವಲ್ಲ. ಒಂದೊಂದೇ ಎಳೆ ಸೂಜಿಯಲ್ಲಿ ಬಿಡಿಸಬೇಕು, ರೇಷ್ಮೆ ಜುಂಗು ಏಳಬಾರದು, ಸೀಮಂತದ ದಿನವೂ ಹತ್ತಿರ ಬಂದಿತ್ತು. ಸಹಾಯ ಮಾಡೋಣವೆಂದು ಬೆಳಿಗ್ಗೆ ನಾನೂ ಹೋದೆ. ಅತ್ತೆ ಸೂಜಿ ಹಿಡಿದು ಸುಮ್ಮನೆ ಕೂತಿದ್ದರು. ಒಂದು ಎಳೆಯನ್ನೂ ಬಿಡಿಸಿರಲಿಲ್ಲ.

‘ನೋಡಿಲ್ಲಿ,’ ಎಂದರು. ‘ಇದು ಹೋಗಾಕ್ ಮುಂಚೆ ನೇಯ್ದಿದ್ದು. ಇದು ಬಂದ್ಮ್ಯಾಲೆ ನೇಯ್ದಿದ್ದು. ಹಂಗಾರೆ ಸಮುದ್ರ ಎಲ್ಲೈತೆ ಹೇಳು?’

ನಾನು ಗೆರೆಯ ಮೇಲೆ ಬೆರಳಿಟ್ಟೆ. ಅತ್ತೆ ಚಿಕ್ಕ ಹುಡುಗಿಯ ಹಾಗೆ ನಕ್ಕರು.

‘ಈ ಮನೆಗೆ ಬಂದಾಗಿಂದ ಎಷ್ಟೊಂದು ಸೀರೆ ಇಳಿಸೀವಿ. ಒಂದ್ರಾಗೂ ಗೆರೆ ಇಲ್ಲ. ಹೆಂಗಿರ್ತೈತೆ? ನಾನು ಮಗ್ಗ ಬಿಟ್ಟು ಎದ್ದಿದ್ರೆ ತಾನೆ?’ ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ‘ಬಿಚ್ಚೋದ್ ಬ್ಯಾಡ.’

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಆ ಗಳಿಗೆಯಲ್ಲಿ ಅವರ ಮೇಲೆ ಬಂದಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ. ಅವರೋ ನನ್ನ ಮುಖ ನೋಡಿ, ‘ಅಳಬ್ಯಾಡ, ಹೋಗಿ ಗಂಟಿಲ್ದಂಗೆ ಮುದ್ದೆ ಮಾಡು,’ ಎಂದು ಅಟ್ಟಿದರು.

ಸೀಮಂತಕ್ಕೆ ಬೀದಿಯೆಲ್ಲ ಬಂತು. ನಾದಿನಿ ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಕೂತಳು. ಆರತಿ ಮುಗಿದದ್ದೇ ತಡ, ಎದುರು ಮನೆಯ ಹಿರಿಯಮ್ಮ ಸೆರಗಿಗೆ ಕೈಹಾಕಿದರು. ಬೆರಳು ಸರಿಯುತ್ತಾ ಸರಿಯುತ್ತಾ ಒಂದು ಕಡೆ ನಿಂತುಬಿಟ್ಟಿತು.

‘ಏನೇ ಇದು, ಗೆರೆ ಬಿದ್ದೈತಲ್ಲೇ!’

ಹೆಂಗಸರೆಲ್ಲ ಅತ್ತೆಯ ಕಡೆ ನೋಡಿದರು. ಅತ್ತೆ ಯಾರಿಗೋ ಕುಂಕುಮ ಹಚ್ಚುತ್ತಿದ್ದರು. ಹಚ್ಚುವುದನ್ನು ಮುಗಿಸಿಯೇ ತಿರುಗಿದರು.

‘ಹೂಂ ಕಣಮ್ಮ, ಬಿದ್ದೈತೆ. ಆವಾಗ ನಾನು ಸಮುದ್ರದಾಗಿದ್ದೆ.’