ಹಟ್ಟಿಯಲ್ಲಿ ಶುರುವಾದ ಶಾಲೆ

ಆ ಶಾಲೆ ಅಧ್ಯಕ್ಷರ ಕನಸು ಎಂದು ಗೇಟಿನ ಪಕ್ಕದ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಕೆತ್ತಿಸಿದವರೂ ಅಧ್ಯಕ್ಷರೇ. ಅವರು ಕನಸು ಕಂಡಿರಬಹುದು, ನನ್ನ ತಕರಾರಿಲ್ಲ. ಆದರೆ ಅವರ ಕಾರು ಮೊದಲ ಸಲ ನಮ್ಮ ಗುಡ್ಡ ಹತ್ತುವ ಹೊತ್ತಿಗೆ ಅಕ್ಕ ಮತ್ತು ನಾನು ಆ ಮಕ್ಕಳ ಜೊಲ್ಲು ಒರೆಸಲು ತೊಡಗಿ ಎರಡು ಮಳೆಗಾಲ ಕಳೆದಿತ್ತು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಊರಿಗೆಲ್ಲ ಅವರು ಅಕ್ಕ. ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಕೀಟನಾಶಕ ಮದ್ದು ಸಿಂಪಡಿಸುತ್ತಿದ್ದ ಕಾಲ ಮುಗಿದು ಎಷ್ಟೋ ವರ್ಷವಾಗಿದ್ದರೂ, ಆ ವಿಷದಿಂದ ಕೈಕಾಲು ಸ್ವಾಧೀನವಿಲ್ಲದ, ಮಾತು ಬಾರದ ಮಕ್ಕಳು ನಮ್ಮ ಸುತ್ತಿನ ಮನೆಗಳಲ್ಲಿ ಇದ್ದರು. ತಾಯಂದಿರು ಕೂಲಿಗೆ ಹೋಗುವಾಗ ಅವರನ್ನು ಚಾಪೆಯಲ್ಲಿ ಮಲಗಿಸಿ ಬಾಗಿಲು ಎಳೆದುಕೊಂಡು ಹೋಗಬೇಕಿತ್ತು. ಅಕ್ಕ ತಮ್ಮ ದನಗಳನ್ನು ಮಾರಿ, ಅವುಗಳನ್ನು ಕಟ್ಟುತ್ತಿದ್ದ ಹಟ್ಟಿಯ ನೆಲಕ್ಕೆ ಸಿಮೆಂಟು ಹಾಕಿಸಿ, ಗೋಡೆಗೆ ಸುಣ್ಣ ಬಳಿಸಿ, "ಹಗಲು ಇಲ್ಲಿ ಬಿಟ್ಟು ಹೋಗಿ" ಎಂದರು. ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನನ್ನನ್ನೂ ಕರೆದರು.

ಅಧ್ಯಕ್ಷರು ಆಗ ಅಧ್ಯಕ್ಷರಾಗಿರಲಿಲ್ಲ. ಗಲ್ಫಿನಿಂದ ಬಂದು ಪೇಟೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದರು. ನಮ್ಮ ಹಟ್ಟಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ನೀರು ಆರುವ ಮೊದಲೇ ಅವರೊಂದಿಗೆ ಬಂದಿದ್ದವನು ಫೋಟೋ ತೆಗೆದಾಗಿತ್ತು. ಮುಂದಿನ ತಿಂಗಳು ಸಮಿತಿ, ಟ್ರಸ್ಟು, ರಶೀದಿ ಪುಸ್ತಕ, ಎಲ್ಲ ಆಯಿತು. ಅಕ್ಕನಿಗೆ ಸ್ಥಾಪಕಿ ಎಂಬ ಪದವಿ ಕೊಟ್ಟರು. ಯಾವ ನಿರ್ಧಾರಕ್ಕೂ ಸಹಿ ಹಾಕುವ ಅಗತ್ಯವಿಲ್ಲದ ಪದವಿ ಅದು.

ಆಮೇಲೆ ಅತಿಥಿಗಳು ಬರತೊಡಗಿದರು. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಸತ್ತವರ ನೆನಪು, ಎಲ್ಲವನ್ನೂ ಆಚರಿಸಲು ನಮ್ಮ ಮಕ್ಕಳೇ ಬೇಕಾಯಿತು. ಒಮ್ಮೆ ಒಬ್ಬ ಶ್ರೀಮಂತ ಹೆಂಗಸು ಮಗನ ಹುಟ್ಟುಹಬ್ಬಕ್ಕೆ ಕೇಕು ತಂದಳು. ನಮ್ಮಲ್ಲಿ ಒಬ್ಬ ಹುಡುಗನಿಗೆ ಗಟ್ಟಿ ಆಹಾರ ನುಂಗಲು ಆಗುತ್ತಿರಲಿಲ್ಲ. ಗಂಜಿಯನ್ನೂ ಅರೆದು ಚಮಚದಲ್ಲಿ ಕೊಡುತ್ತಿದ್ದೆವು. ಅವನಿಗೆ ಕೊಡಬೇಡಿ ಎಂದು ನಾನು ಹೇಳುತ್ತಿದ್ದಂತೆಯೇ ಆಕೆ ಕ್ಯಾಮೆರಾ ಕಡೆಗೆ ಮುಖ ಮಾಡಿ ಒಂದು ತುಂಡು ಅವನ ಬಾಯಿಗೆ ತುರುಕಿದಳು. ಹುಡುಗನ ತುಟಿ ನೀಲಿಯಾಯಿತು. ಅಕ್ಕ ಓಡಿ ಬಂದು ಅವನನ್ನು ತೊಡೆಯ ಮೇಲೆ ಬೋರಲು ಹಾಕಿ, ಬೆನ್ನಿಗೆ ಬಡಿದು, ಬೆರಳು ಹಾಕಿ ತುಂಡು ಹೊರಗೆ ತೆಗೆದರು. ಅವನು ಉಸಿರೆಳೆದು ಅತ್ತ. ನಾನು ಅವನ ಬಾಯಿ ಒರೆಸುತ್ತಿದ್ದೆ. ಆಕೆ ಕ್ಯಾಮೆರಾದವನನ್ನು ಕೇಳಿದಳು:

"ಮೊದಲಿನದ್ದು ಸರಿ ಬಂದಿದೆಯಲ್ಲ?"

ಅಕ್ಕ ಉಳಿದ ಕೇಕನ್ನು ಡಬ್ಬಿಸಮೇತ ಆಕೆಯ ಕಾರಿನ ಸೀಟಿನಲ್ಲಿಟ್ಟು ಬಂದರು. ಸಂಜೆ ಅಧ್ಯಕ್ಷರು ಫೋನು ಮಾಡಿ, "ದೊಡ್ಡ ಜನ ಅವರು, ಸ್ವಲ್ಪ ನಯದಲ್ಲಿ ಮಾತಾಡ್ಬೇಕು ಅಕ್ಕ" ಎಂದರು. ಹುಡುಗ ಹೇಗಿದ್ದಾನೆ ಎಂದು ಕೇಳಲಿಲ್ಲ.

ಕಟ್ಟಡ ಎದ್ದಿತು. ಮಕ್ಕಳ ಹೆಸರು ಹೇಳಿ ಎತ್ತಿದ ಕಟ್ಟಡ. ನೆಲಕ್ಕೆ ಅಧ್ಯಕ್ಷರ ಅಂಗಡಿಯದ್ದೇ ಟೈಲ್ಸು, ಮುಖ ಕಾಣುವಷ್ಟು ನುಣುಪು. ಎದುರಿಗೆ ಅರಮನೆಗೆ ಇರುವಂಥ ಅಗಲದ ಮೆಟ್ಟಿಲುಗಳು. ಉದ್ಘಾಟನೆಯ ಹಿಂದಿನ ವಾರ ನಮ್ಮನ್ನು ನೋಡಲು ಕರೆದುಕೊಂಡು ಹೋದರು. ಅಕ್ಕ ಸುತ್ತ ಒಂದು ಸಲ ನಡೆದು ಬಂದು ಕೇಳಿದರು:

"ಗಾಲಿಕುರ್ಚಿ ಹತ್ತುವುದು ಎಲ್ಲಿಂದ?"

ಅಧ್ಯಕ್ಷರು ಇಂಜಿನಿಯರನ ಮುಖ ನೋಡಿದರು. ಇಂಜಿನಿಯರು ಮೆಟ್ಟಿಲು ನೋಡಿದ.

"ಇಳಿಜಾರು ಮಾಡಿದ್ರೆ ಎದುರಿನ ಚಂದ ಹಾಳಾಗ್ತದೆ ಅಕ್ಕ," ಎಂದರು ಅಧ್ಯಕ್ಷರು. "ಹಿಂದಿನಿಂದ ಎಂತಾದ್ರೂ ಮಾಡುವ."

ನಡೆಯಲಾಗದ ಮಕ್ಕಳಿಗೆಂದು ಕಟ್ಟಿದ ಮನೆಗೆ ನಡೆಯುವವರು ಮಾತ್ರ ಹತ್ತಬಹುದಾದ ಬಾಗಿಲು. ಆ ಸಮಿತಿಯಲ್ಲಿ ವಕೀಲರಿದ್ದರು, ಡಾಕ್ಟರಿದ್ದರು, ನಿವೃತ್ತ ಹೆಡ್ಮಾಸ್ಟರಿದ್ದರು. ಒಬ್ಬರ ತಲೆಗೂ ಹೊಳೆದಿರಲಿಲ್ಲ. ಅವರ ಮೂರ್ಖತನಕ್ಕಿಂತ ನನಗೆ ಹೇಸಿಗೆಯೆನಿಸಿದ್ದು ಅವರಲ್ಲಿ ಯಾರೂ ನಾಚಿಕೊಳ್ಳದೆ ಇದ್ದದ್ದು.

ಉದ್ಘಾಟನೆಯ ದಿನ ಕುಂಬ್ಡಾಜೆ ಕಡೆಯ ಒಬ್ಬ ತಾಯಿ, ರಬ್ಬರ್ ಟ್ಯಾಪಿಂಗಿಗೆ ಹೋಗುವವಳು, ತನ್ನ ಎತ್ತರಕ್ಕೆ ಬೆಳೆದ ಮಗಳನ್ನು ಬೆನ್ನ ಮೇಲೆ ಹೊತ್ತು ಆ ಮೆಟ್ಟಿಲು ಹತ್ತಿದಳು. ಹಿಂದಿನಿಂದ ಉಳಿದ ತಾಯಂದಿರೂ ಹೊತ್ತು ಹತ್ತಿದರು. ಮುಂದಿನ ಸಾಲಿನಲ್ಲಿ ಗಣ್ಯರಿಗೆಂದು ಬಿಳಿ ಬಟ್ಟೆ ಹೊದಿಸಿಟ್ಟ ಕುರ್ಚಿಗಳಲ್ಲಿ ಮಕ್ಕಳನ್ನು ಕೂರಿಸಿದರು. ಸ್ವಯಂಸೇವಕನೊಬ್ಬ ಓಡಿಬಂದು, "ಇದು ಗೆಸ್ಟ್‌ಗಳಿಗೆ ಮಾರಾಯ್ತಿ" ಎಂದ.

"ಗೆಸ್ಟೇ ಇದು," ಎಂದಳು ಅವಳು. "ಇಲ್ಲಿಯವರಾಗಿದ್ದರೆ ಬರ್ಲಿಕ್ಕೆ ದಾರಿ ಇರ್ತಿತ್ತು."

ಅಧ್ಯಕ್ಷರು ವೇದಿಕೆಯಿಂದಲೇ ಅದನ್ನು ನೋಡಿ, ಮೈಕಿನಲ್ಲಿ, ಈ ಮಕ್ಕಳಿಗೆ ಮೊದಲ ಸಾಲಿನ ಗೌರವ ಕೊಡುವ ಸಂಸ್ಥೆ ನಮ್ಮದು ಎಂದು ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರಂಥವರನ್ನು ಅವಮಾನಿಸುವುದು ಯಾರಿಂದಲೂ ಸಾಧ್ಯವಿಲ್ಲ. ಕೆನ್ನೆಗೆ ಹೊಡೆದರೂ ಸನ್ಮಾನವೆಂದು ಸ್ವೀಕರಿಸುತ್ತಾರೆ.

ಮರುವರ್ಷ ಸಂಸ್ಥೆ ತನ್ನ ಕಾಲ ಮೇಲೆ ನಿಲ್ಲಬೇಕೆಂದು ಇಂಗ್ಲಿಷ್ ಮೀಡಿಯಂ ತರಗತಿಗಳು ಶುರುವಾದವು. ಟೈ ಕಟ್ಟಿದ ಮಕ್ಕಳು ಬಂದರು. ಅವರ ತಂದೆತಾಯಂದಿರಲ್ಲಿ ಕೆಲವರಿಗೆ ತಮ್ಮ ಮಕ್ಕಳು ನಮ್ಮವರೊಂದಿಗೆ ಒಂದೇ ಕೋಣೆಯಲ್ಲಿ ಊಟ ಮಾಡುವುದು ಕಷ್ಟವಾಯಿತು. "ಮಕ್ಕಳಿಗೆ ಹೆದರಿಕೆ ಆಗ್ತದೆ" ಎಂದರು. ಮಕ್ಕಳಿಗೆ ಹೆದರಿಕೆ ಏನೂ ಇರಲಿಲ್ಲ. ಯು.ಕೆ.ಜಿ.ಯ ಹುಡುಗಿಯೊಬ್ಬಳು ದಿನಾ ಬಂದು ನಮ್ಮ ಹುಡುಗನೊಬ್ಬನ ಕೈಯಲ್ಲಿ ಬಳಪ ಇಟ್ಟು ಹೋಗುತ್ತಿದ್ದಳು. ಹೆದರಿಕೆ ದೊಡ್ಡವರದು. ನಮ್ಮನ್ನು ಹಿಂದುಗಡೆಯ ಕೋಣೆಗೆ, ಜನರೇಟರಿನ ಪಕ್ಕಕ್ಕೆ ಸಾಗಿಸಿದರು. ಕರೆಂಟು ಹೋಗಿ ಅದು ಗುಡುಗಲು ತೊಡಗಿದರೆ ಕುಂಬ್ಡಾಜೆಯ ಹುಡುಗಿ ಕಿವಿ ಮುಚ್ಚಿಕೊಂಡು ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದಳು.

ಅಕ್ಕ ಸಮಿತಿಯ ಸಭೆಗೆ ಹೋದರು. ನಾನೂ ಜೊತೆಗಿದ್ದೆ. ಸಮಿತಿಯವರು ಗೋಡಂಬಿ ತಿನ್ನುತ್ತಾ ಅಕ್ಕನ ದೂರು ಕೇಳಿಸಿಕೊಂಡರು.

"ನಾವು ಯಾರನ್ನೂ ಹೊರಗೆ ಹಾಕಿಲ್ಲ ಅಕ್ಕ," ಎಂದರು ಅಧ್ಯಕ್ಷರು. "ಕೋಣೆ ಉಂಟಲ್ಲ."

"ಹಟ್ಟಿಯೂ ಉಂಟು," ಎಂದರು ಅಕ್ಕ. "ಅಲ್ಲಿ ಶಬ್ದ ಇಲ್ಲ."

ನಾವು ಮತ್ತೆ ಹಟ್ಟಿಗೆ ಹೋದೆವು. ಬಡಿದು ಬಡಿದು ಬಾವು ಬಂದಿದ್ದ ಹಣೆಯೊಂದಿಗೆ ಆ ಹುಡುಗಿ ಅಲ್ಲಿ ಇಡೀ ಮಧ್ಯಾಹ್ನ ನಿದ್ದೆ ಮಾಡಿದಳು. ಸಂಜೆ ಕರೆದುಕೊಂಡು ಹೋಗಲು ಬಂದ ತಾಯಿ ಅವಳನ್ನು ಎಬ್ಬಿಸದೆ ಪಕ್ಕದಲ್ಲಿ ಕೂತಿದ್ದಳು. ಕೆಲವು ತಿಂಗಳ ಮೇಲೆ ಪಂಚಾಯತಿನವರು ಖಾಲಿ ಬಿದ್ದಿದ್ದ ಅಂಗನವಾಡಿ ಕಟ್ಟಡವನ್ನು ಬಿಟ್ಟುಕೊಟ್ಟರು. ಮೊದಲು ಮಾಡಿಸಿದ್ದು ಇಳಿಜಾರು. ಈಗ ಅಲ್ಲಿ ಕಲಿಸುವವರು ನಾವು ನಾಲ್ವರಿದ್ದೇವೆ. ಬಟನ್ ಹಾಕುವುದು, ಬಸ್ಸಿನ ಬೋರ್ಡು ಓದುವುದು, ಬೇಡವೆಂದರೆ ಬೇಡ ಎಂದು ತೋರಿಸುವುದು ನಮ್ಮ ಪಾಠಗಳು. ಕೇಕು ನುಂಗಲಾಗದ ಹುಡುಗ ಈ ಕೊನೆಯದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಿದ್ದಾನೆ. ಬೇಡದ್ದು ಕಂಡರೆ ಕೈಯಿಂದ ದೂಡುತ್ತಾನೆ.

ಅಧ್ಯಕ್ಷರ ಶಾಲೆ ಚೆನ್ನಾಗಿಯೇ ನಡೆಯುತ್ತಿದೆ. ಹಳದಿ ಬಸ್ಸುಗಳು ಬೋವಿಕಾನದವರೆಗೂ ಓಡುತ್ತವೆ. ಕಳೆದ ವರ್ಷ ಅವರು ತಾವೇ ಬಂದರು. ಹೊರದೇಶದಿಂದ ದಾನಿಯೊಬ್ಬರು ಬರುವವರಿದ್ದರು, ಅವರು ಹಣ ಕೊಡುವುದು ಇಂಥ ಮಕ್ಕಳಿಗಂತೆ.

"ಒಂದು ದಿನದ ಮಟ್ಟಿಗೆ ಕಳಿಸಿಕೊಡಿ ಅಕ್ಕ. ಶುಕ್ರವಾರ. ಎ.ಸಿ. ಬಸ್ಸು ಕಳಿಸ್ತೇನೆ, ಊಟ ನಮ್ಮದು."

ಅಕ್ಕ ಒಬ್ಬಳಿಗೆ ಚಮಚ ಹಿಡಿಯಲು ಕಲಿಸುತ್ತಿದ್ದವರು ತಲೆ ಎತ್ತಲಿಲ್ಲ.

"ಶುಕ್ರವಾರ ಆಗ್ಲಿಕ್ಕಿಲ್ಲ," ಎಂದರು. "ಮಕ್ಕಳಿಗೆ ಶಾಲೆ ಉಂಟು."