ತಲೆನೋವಿಲ್ಲದ ಮಳೆ

ಊರಿನಲ್ಲಿ ಡೇರೆ ಹಾಕುವವರು ಇವನಲ್ಲದೆ ಇನ್ನೂ ಇಬ್ಬರಿದ್ದರು. ಆದರೆ ಗಾಳಿಗೆ ಹಾರದ ಡೇರೆ ಬೇಕೆಂದವರು ಬರುತ್ತಿದ್ದುದು ಇವನ ಬಾಗಿಲಿಗೇ. ಎಲ್ಲರ ಕಂಬವೂ ಒಂದೇ, ಹಗ್ಗವೂ ಒಂದೇ. ಇವನ ಬಳಿಯಿದ್ದ ಹೆಚ್ಚಿನ ಬಂಡವಾಳವೆಂದರೆ ಹೆಂಡತಿಯ ತಲೆ.

ಮದುವೆಯಾದ ಹೊಸತರಲ್ಲಿ ಅವಳು ತಲೆನೋವೆಂದು ಹಾಡುಹಗಲೇ ಬಾಗಿಲು ಹಾಕಿಕೊಂಡು ಮಲಗಿದಾಗ ಅವನು ಅದನ್ನು ಕೆಲಸಗಳ್ಳಿಯ ನೆಪ ಎಂದುಕೊಂಡಿದ್ದ. ಹೊರಗೆ ಕಣ್ಣು ಕೋರೈಸುವ ಬಿಸಿಲು. ಸಂಜೆಗೆ ಮರ ಉರುಳುವಂಥ ಗಾಳಿಮಳೆ. ಮತ್ತೆ ಮತ್ತೆ ಹಾಗೇ ಆದ ಮೇಲೆ ಅವನ ತಲೆಗೆ ಹೊಳೆಯಿತು. ಅಲ್ಲಿಂದಾಚೆಗೆ ಅವಳು ಬಲಗಣ್ಣಿನ ಮೇಲೆ ಅಂಗೈ ಒತ್ತಿಕೊಂಡಳೆಂದರೆ ಸಾಕು, ಅವನು ಮೈದಾನಕ್ಕೆ ಓಡಿ, ಹಗ್ಗಕ್ಕೆಲ್ಲ ಜೋಡಿ ಗೂಟ ಹೊಡೆಸಿ, ಡೇರೆಯನ್ನು ತಗ್ಗಿಸಿ ಕಟ್ಟಿಸುತ್ತಿದ್ದ.

“ಮೊಬೈಲ್ ನೋಡಿದ್ರೆ ಗೊತ್ತಾಗಲ್ವಾ?” ಎಂದವರಿಗೆ, “ಮೊಬೈಲು ಇಡೀ ಜಿಲ್ಲೆಗೆ ಹೇಳತ್ತೆ, ನಮ್ಮನೆಯವಳು ನಮ್ಮ ಬೀದಿಗೆ ಹೇಳ್ತಾಳೆ” ಎಂದು ಮೀಸೆ ತಿರುವುತ್ತಿದ್ದ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವಳು ಕಿಟಕಿಗೆ ಕಂಬಳಿ ಹೊದಿಸಿದ ಕೋಣೆಯಲ್ಲಿ, ಮಂಚದ ಪಕ್ಕ ಬಕೆಟ್ಟು ಇಟ್ಟುಕೊಂಡು ವಾಂತಿ ಮಾಡುತ್ತ ಬಿದ್ದಿರುತ್ತಿದ್ದಳು. ಇವನೇನು ಕೆಟ್ಟವನಲ್ಲ. ಪಾತ್ರೆ ಸದ್ದು ಮಾಡಬೇಡ ಎಂದು ಅಮ್ಮನನ್ನು ಗದರಿಸುತ್ತಿದ್ದ, ಬಾಗಿಲನ್ನು ಮೆತ್ತಗೆ ಎಳೆದುಕೊಳ್ಳುತ್ತಿದ್ದ. ಆದರೆ ಬಾಗಿಲಾಚೆ ಅವನ ಕಾಲಿಗೆ ಬರುತ್ತಿದ್ದ ಉತ್ಸಾಹವನ್ನು ನೋಡಬೇಕಿತ್ತು!

ಈ ವರ್ಷ ಹೊಸ ಡಾಕ್ಟರೊಬ್ಬರು ಬಂದರು. “ಹವೆ ಬದಲಾದಾಗ, ಗಾಳಿಯ ಒತ್ತಡ ಇಳಿದಾಗ ಕೆಲವರ ತಲೆ ಹೀಗೆ ಸಿಡಿಯತ್ತಮ್ಮ. ಮಳೇನ ತಡೆಯೋಕಾಗಲ್ಲ, ನೋವನ್ನ ತಡೆಯೋಕೆ ನೋಡೋಣ” ಎಂದು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ತಿಂಗಳೆರಡು ತಿಂಗಳಲ್ಲಿ ನೋವು ಹೆಚ್ಚುಕಡಿಮೆ ನಿಂತೇಹೋಯಿತು. ಅವಳು ಬಟ್ಟೆ ಒಗೆಯುತ್ತ ಹಾಡತೊಡಗಿದಳು. ಇವನಿಗೆ ನಿದ್ದೆ ಹಾರಿಹೋಯಿತು.

ಒಂದು ಬೀಳ್ಕೊಡುಗೆ ಸಮಾರಂಭದಲ್ಲಿ ಹೇಳದೆ ಕೇಳದೆ ಮಳೆ ನುಗ್ಗಿ ಕುರ್ಚಿಗಳೆಲ್ಲ ತೊಯ್ದವು. “ಏನಪ್ಪಾ, ನಿಮ್ಮನೆಯವ್ರು ರಜಾ ಹಾಕಿದ್ರಾ?” ಎಂದು ಯಾರೋ ನಕ್ಕರು. ಇವನಿಗೆ ನಗು ಬರಲಿಲ್ಲ. ಮುಂದೆ ಊರಿನ ದೊಡ್ಡ ವರ್ತಕರ ಮಗಳ ಮದುವೆಯಿತ್ತು. ಅದೊಂದು ಕೆಟ್ಟರೆ ಇಷ್ಟು ವರ್ಷ ಕಟ್ಟಿದ ಹೆಸರು ನೀರುಪಾಲು.

ಅದೇ ಹೊತ್ತಿಗೆ ಮಾತ್ರೆ ಮುಗಿಯಿತು. “ಬರೋವಾಗ ತಂದ್ಬಿಡಿ” ಎಂದಳು. ಅವನು ಔಷಧಿ ಅಂಗಡಿಯ ಮುಂದೆ ನಿಂತ, ಮುಂದೆ ಹೋದ, ತಿರುಗಿ ಬಂದ, ಮತ್ತೆ ಹೋದ. ಮನೆಗೆ ಬಂದು, “ಸ್ಟಾಕ್ ಇಲ್ವಂತೆ. ಮುಂದಿನ ವಾರ ಬರತ್ತಂತೆ” ಎಂದ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸುಳ್ಳು ಹೊರಬಂತು. ಮದುವೆಯೊಂದು ಮುಗಿದರೆ ತಾನೇ ತಂದುಕೊಡುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ.

ಆ ವಾರವಿಡೀ ಕಾಲು ಸುಟ್ಟ ಬೆಕ್ಕಿನಂತೆ ಮನೆಯೊಳಗೆ ಸುತ್ತಿದ. ಅವಳು ಒಲೆಯ ಮುಂದಿದ್ದರೆ ಅಡುಗೆಮನೆಯ ಬಾಗಿಲಲ್ಲಿ, ಹಿತ್ತಲಲ್ಲಿದ್ದರೆ ಬಾವಿಕಟ್ಟೆಯಲ್ಲಿ. ಅವಳ ಕೈ ಕೂದಲು ಸರಿಮಾಡಲು ಮೇಲೆದ್ದರೂ ಇವನ ಎದೆ ಹೊಡೆದುಕೊಳ್ಳುತ್ತಿತ್ತು.

“ಹೇಗಿದ್ದೀಯ?”

“ಚೆನ್ನಾಗೇ ಇದ್ದೀನಿ. ಯಾಕೆ?”

“ಸುಮ್ನೆ ಕೇಳ್ದೆ.”

“ಇಷ್ಟು ವರ್ಷ ಹೆಂಡತಿ ಮುಖ ನೆಟ್ಟಗೆ ನೋಡ್ದೋನಲ್ಲ, ಈಗ ಪ್ರೀತಿ ಉಕ್ಕಿ ಹರೀತಿದೆ!” ಎಂದು ಅವನ ಅಮ್ಮ ಛೇಡಿಸಿದರು. ಹೆಂಡತಿ ಹುಡುಗಿಯಂತೆ ನಾಚಿದಳು. ಇವನು ಅಲ್ಲಿಂದ ಎದ್ದುಹೋದ.

ಮದುವೆಯ ಬೆಳಗ್ಗೆ ಸೆಕೆ ಉಸಿರು ಕಟ್ಟಿಸುವಂತಿತ್ತು. ಡೇರೆ ಎತ್ತರಕ್ಕೆ ನಿಂತರೇ ಲಕ್ಷಣ ಎಂದು ಹುಡುಗಿಯ ತಂದೆಯ ಹಟ. ಕೆಲಸದವನೊಬ್ಬ ಸುತ್ತಿಗೆ ಹಿಡಿದು, “ಜೋಡಿ ಗೂಟ ಹೊಡೀಲಾ, ತಗ್ಗಿಸ್ಲಾ?” ಎಂದು ಕೇಳಿದ. ಇವನು ಮನೆಗೆ ಫೋನ್ ಮಾಡಿದ.

“ತಲೆ ಹೇಗಿದೆ?”

“ಹೂವಿನ ಹಾಗಿದೆ ರೀ. ನೀವು ನಿಶ್ಚಿಂತೆಯಿಂದ ಕೆಲಸ ನೋಡ್ಕೊಳ್ಳಿ.”

ಮಾತ್ರೆಯಿಲ್ಲದ ತಲೆ ಸುಳ್ಳು ಹೇಳುವುದುಂಟೇ? “ಬೇಡ, ಹೀಗೇ ಇರಲಿ” ಎಂದ.

ಊಟದ ಎರಡನೆಯ ಪಂಕ್ತಿಗೆ ಗಾಳಿ ಎದ್ದಿತು. ಗೂಟಗಳು ಒಂದರ ಹಿಂದೊಂದು ಕಿತ್ತುಬಂದವು. ಡೇರೆ ಎದ್ದು ನಿಂತು, ಪಕ್ಕದ ಗೋಡೆ ದಾಟಿ ಬಿತ್ತು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಜರಿಯಂಚಿನ ಸೀರೆಗಳು, ಅನ್ನದ ರಾಶಿ, ಮದುಮಗಳ ಮುಖ, ಎಲ್ಲ ಮಳೆಯಲ್ಲಿ ಕಲಸಿಹೋದವು.

ಅವನು ನೆನೆದುಕೊಂಡೇ ಮನೆಗೆ ಬಂದ. ಕಿಟಕಿ ಹಾರುಹೊಡೆದಿತ್ತು. ಹೆಂಡತಿ ಟವೆಲ್ ಹಿಡಿದು ಓಡಿಬಂದಳು. ಅವಳ ಮುಖವೂ ತೋಳೂ ಒದ್ದೆಯಾಗಿದ್ದವು, ಕಣ್ಣುಗಳು ಹೊಳೆಯುತ್ತಿದ್ದವು.

“ರೀ, ಮಳೆ ನೋಡಿದ್ರಾ? ನಾನು ಶುರುವಿಂದ ಕಿಟಕೀಲೇ ನಿಂತು ನೋಡ್ದೆ! ಮಿಂಚು ಹಾಗೆ ಕವಲೊಡೆಯತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಯಾವಾಗ್ಲೂ ಕತ್ತಲೇಲಿ ಬಿದ್ದಿರ್ತಿದ್ನಲ್ಲ...”

“ನಿನ್ನ ತಲೆ ಯಾಕೆ ನೋಯ್ಲಿಲ್ಲ?” ಎಂದು ಅವನು ಕೂಗಿದ.

ಅವಳ ಕೈಯಲ್ಲಿದ್ದ ಟವೆಲ್ ಅರ್ಧಕ್ಕೇ ನಿಂತಿತು.

“ನೋಯ್ಬೇಕಿತ್ತಾ?”

ಅವನು ನೆಲ ನೋಡಿದ. ಆಡಿದ ಮಾತು, ಒಡೆದ ಮುತ್ತು. ಅವಳು ಮೆಲ್ಲಗೆ ಹೇಳಿದಳು: “ಮಾತ್ರೆ ಮಾರನೇ ದಿನ ನಾನೇ ಹೋಗಿ ತಂದೆ. ಅಂಗಡೀಲಿ ಬೇಕಾದಷ್ಟಿತ್ತು. ಪಾಪ, ಕೆಲಸದ ಗಡಿಬಿಡೀಲಿ ಮರೆತು, ಹೇಳೋಕೆ ನಾಚಿಕೆಯಾಗಿ ಹಾಗಂದ್ರೇನೋ ಅಂದ್ಕೊಂಡು ನಾನೂ ಸುಮ್ನಿದ್ದೆ.”

ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಟವೆಲನ್ನು ಕುರ್ಚಿಯ ಮೇಲಿಟ್ಟು, ಕಿಟಕಿಯ ಹತ್ತಿರ ಹೋಗಿ, ಅವನಿಗೆ ಬೆನ್ನು ಮಾಡಿ ಮಳೆ ನೋಡುತ್ತ ನಿಂತಳು.