ನಾಲ್ಕನೆಯ ಮೂಲೆ ಹೊಲಿಯದ ಕೌದಿಗಳು

ತಿಳವಳ್ಳಿಯಿಂದ ಹಾನಗಲ್ಲಿಗೆ ಮೊದಲ ಬಸ್ಸು ಹೊರಡುವ ಮುನ್ನವೇ ಸಿದ್ದವ್ವನವರ ಪಡಸಾಲೆಯಲ್ಲಿ ಸೂಜಿ ಓಡತೊಡಗುತ್ತದೆ. ದೀಪ ಹಚ್ಚುವ ಪದ್ಧತಿಯಿಲ್ಲ. ಮೂಡಣದ ಬಾಗಿಲಿನಿಂದ ಬೆಳಕು ಎಷ್ಟು ದೂರ ಒಳಗೆ ಬರುತ್ತದೋ ಅಲ್ಲಿಗೆ ಚಾಪೆಯನ್ನು ಎಳೆದುಕೊಂಡು, ಒಂದು ಕಾಲು ಚಾಚಿ, ಮಡಿಸಿದ ಇನ್ನೊಂದು ಮೊಣಕಾಲಿನ ಮೇಲೆ ಕೌದಿಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದಾರೆ. ಸೊಸೆ ಒಲೆ ಹಚ್ಚುವ ಮೊದಲು ಏಳು ಸೂಜಿಗಳಿಗೆ ದಾರ ಪೋಣಿಸಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಟ್ಟು ಹೋಗಿದ್ದಾಳೆ. ಆ ಏಳೂ ದಾರ ಮುಗಿದ ಮೇಲೆಯೇ ಅತ್ತೆಗೆ ಬೆಳಗಿನ ರೊಟ್ಟಿ.

"ಕಣ್ಣಿಗೆ ದಾರ ಕಾಣೂದಿಲ್ರಿ, ಆದ್ರ ಬೆರಳಿಗೆ ಬಟ್ಟಿ ಕಾಣತೈತಿ," ಎನ್ನುತ್ತಾರೆ ಐವತ್ತಾರರ ಸಿದ್ದವ್ವ. "ಎಷ್ಟು ಸಲ ಒಗದ ಸೀರಿ, ಉಟ್ಟಾಕಿ ಹೊಲಕ್ಕ ಹೋಗಾಕಿನೋ ಮನ್ಯಾಗ ಕುಂದ್ರಾಕಿನೋ, ಮುಟ್ಟಿದ್ರ ಎಲ್ಲಾ ಹೇಳತೈತಿ."

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಸೂಜಿ ಹಿಡಿದರು. ಗಾಡಿ ಹೊಡೆಯುತ್ತಿದ್ದ ಗಂಡನ ಕಾಲಿನ ಮೇಲೆ ಗಾಲಿ ಹರಿದು, ಅವರು ಎರಡು ವರ್ಷ ಹಾಸಿಗೆ ಹಿಡಿದ ಕಾಲ ಅದು. ಮನೆಯಲ್ಲಿ ಮೂರು ಮಕ್ಕಳು. ಉಳ್ಳವರ ಮನೆಗಳಿಗೆ ಹೋಗಿ, ಅವರ ಹಳೆಯ ಬಟ್ಟೆಗಳನ್ನು ಪದರು ಪದರಾಗಿ ಹಾಸಿ, ಹೊದೆಯುವ ಕೌದಿಗಳನ್ನಾಗಿ ಹೊಲಿದುಕೊಟ್ಟು, ಜೋಳ ತರುತ್ತಿದ್ದರು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ಅವರು ನಡೆದು ನೋಡದ ಊರು ಅಪರೂಪ. ದಿನಕ್ಕೆ ಗೇಣುದ್ದ, ಗೇಣಗಲದಷ್ಟು ಹೊಲಿಗೆ. ಒಂದು ಕೌದಿಗೆ ನಲವತ್ತು ದಿನ. ಚಳಿಗಾಲದಲ್ಲಿ ಸೊಸೆಯ ಕೈಯೂ ಕೂಡಿದರೆ ನಾಲ್ಕೈದು ಕೌದಿ. ಎಡಗೈಯ ತೋರುಬೆರಳಿನ ತುದಿ ಹುಣಸೆ ಬೀಜದಂತೆ ಗಟ್ಟಿಯಾಗಿದೆ.

ಇಷ್ಟೆಲ್ಲ ಹೊಲಿದ ಈ ಹೆಣ್ಣುಮಗಳಿಗೆ ತನ್ನದೊಂದು ಕೌದಿ ಇರಲಿಲ್ಲ. ಅದು ಸ್ವತಃ ಅವರಿಗೇ ಹೊಳೆದದ್ದು ೧೯೭೪ರ ಮಾಗಿಯಲ್ಲಿ. ಸವಣೂರಿಗೆ ಕೆಲಸಕ್ಕೆಂದು ಹೋದವರು ನೀರು ಕೇಳಿ ಒಂದು ಮನೆಯ ಹೊಸ್ತಿಲು ತುಳಿದರು. ಅದು ಅವರಂತೆಯೇ ಕೌದಿ ಹೊಲಿದು ಬದುಕುವ ರಹಿಮಾಬಿಯವರ ಮನೆ. ಒಳಗೆ ಹಾಸಿಗೆಯ ಮೇಲೆ ಎರಡು ಗೋಣಿಚೀಲಗಳನ್ನು ಜೋಡಿಸಿ ಹೊಲಿದ ಹೊದಿಕೆ ಬಿದ್ದಿತ್ತು.

"'ನಿಂದೂ ಗೋಣಿಚೀಲನ ಏನ ಯಕ್ಕಾ?' ಅಂದೆ. 'ಮತ್ತ ನಿಂದೇನು, ನವಾಬರ ಮನಿ ಶಾಲ ಐತೇನು?' ಅಂದ್ಲು. ಇಬ್ರೂ ನಕ್ಕೊಂತ ಕುಂತ್ವಿ. ನಕ್ಕ ಮ್ಯಾಲ ನಾಚಿಕಿ ಬಂತ್ರಿ," ಎಂದು ಸಿದ್ದವ್ವ ನೆನೆಯುತ್ತಾರೆ.

ತನಗಾಗಿ ಹೊಲಿದುಕೊಳ್ಳಲು ಯಾರಿಗೂ ಕೈ ಬರುವುದಿಲ್ಲ, ಇನ್ನೊಬ್ಬಳಿಗಾದರೆ ಬರುತ್ತದೆ. ಆ ಮಧ್ಯಾಹ್ನ ಇಬ್ಬರೂ ಕಂಡುಕೊಂಡ ಸತ್ಯವಿದು. ಅಂದಿನಿಂದ ವರ್ಷಕ್ಕೊಂದು ಕೌದಿಯನ್ನು ಕೂಲಿಗಲ್ಲದೆ, ತಮ್ಮಂಥವಳೇ ಆದ ಇನ್ನೊಬ್ಬಳಿಗಾಗಿ ಹೊಲಿಯುವ ಬಳಗವೊಂದು ಹುಟ್ಟಿಕೊಂಡಿತು. ಈಗ ಅದರಲ್ಲಿ ಎಂಟು ಜನ. ಎತ್ತು ಹೂಡದ ಒಂದು ಸೋಮವಾರ, ಹೋಳಿ ಹುಣ್ಣಿಮೆಗೆ ಮುಂಚೆ, ಎಲ್ಲರೂ ತಿಳವಳ್ಳಿಯ ಈ ಪಡಸಾಲೆಗೆ ಬರುತ್ತಾರೆ.

ಬಳಗದ ನೇಮಗಳು ಬರೆದಿಟ್ಟವಲ್ಲ, ಆದರೆ ಬಿಗಿಯಾದವು. ಮೂರು ಮೂಲೆ ಹೊಲಿದು ನಾಲ್ಕನೆಯದನ್ನು ಅಂಗೈಯಗಲ ತೆರೆದಿಡಬೇಕು. ಪಡೆದವಳು ತನ್ನ ಮನೆಯ ಚಿಂದಿಯೊಂದನ್ನು ಒಳಗಿಟ್ಟು ಅದನ್ನು ಮುಚ್ಚುತ್ತಾಳೆ. ಹಿರಿಯಳಿಂದ ಕಿರಿಯಳವರೆಗೆ ಒಬ್ಬೊಬ್ಬರೇ ಆರಿಸಿಕೊಳ್ಳಬೇಕು. ಸಿದ್ದವ್ವ ಮಾತ್ರ ಎಲ್ಲರ ಕೊನೆಗೆ. ತಾನು ಹೊಲಿದದ್ದನ್ನು ಯಾರೂ ತಿರುಗಿ ಒಯ್ಯುವಂತಿಲ್ಲ. ಮೂರು ಮೂಲೆ ಮುಗಿದ ಮೇಲೆ ಹೊಲಿದವಳು ಒಂದು ದಾರವನ್ನೂ ಬಿಚ್ಚುವಂತಿಲ್ಲ. ಆ ಅಧಿಕಾರ ಪಡೆದವಳದು.

ಈ ಕೊನೆಯ ನೇಮವೇ ಈ ವರ್ಷ ಸಿದ್ದವ್ವನವರ ಊಟ ನಿದ್ದೆಗಳನ್ನು ಕೆಡಿಸಿದೆ.

ಬಳಗಕ್ಕೆ ಹೊಸದಾಗಿ ಸೇರಿದವಳು ಚಿಕ್ಕೇರೂರಿನ ಮಂಜವ್ವ, ಇಪ್ಪತ್ತನಾಲ್ಕರ ಗೃಹಿಣಿ. ಹೊಸಬರಿಗೆ ಒಳಪದರು ಹಾಸಿಕೊಡುವುದು ಸಿದ್ದವ್ವನವರ ರೂಢಿ. ದೀಪಾವಳಿಯ ಬಳಿಕ ಮಂಜವ್ವ ಹಳೆಯ ಬಟ್ಟೆಗಳ ಗಂಟು ಹೊತ್ತು ಬಂದಳು. ಆಕೆ ನೀರು ಸೇದಲು ಬಾವಿಗೆ ಹೋದಾಗ ಸಿದ್ದವ್ವ ಪದರು ಹಾಸಿ, ಅಲ್ಲಲ್ಲಿ ಟಾಕು ಹಾಕಿ ಮುಗಿಸಿದರು. ಎಲ್ಲಕ್ಕಿಂತ ಮೆತ್ತನೆಯ ಬಟ್ಟೆ ನಟ್ಟನಡುವೆ ಇರಬೇಕೆಂಬುದು ಈ ಕಸುಬಿನ ಮೊದಲ ಪಾಠ. ಅಂದು ಬೆರಳಿಗೆ ಎಲ್ಲಕ್ಕಿಂತ ಮೆತ್ತಗೆ ಹತ್ತಿದ್ದು ಆ ಬಟ್ಟೆಗಳನ್ನು ಗಂಟು ಕಟ್ಟಲೆಂದಷ್ಟೇ ಸುತ್ತಿದ್ದ ಸೀರೆಯೇ. ಅದನ್ನೇ ನಡುವೆ ಹಾಸಿದರು.

ಅದು ಮಂಜವ್ವನ ತೀರಿಹೋದ ತಾಯಿಯ ಇಳಕಲ್ ಸೀರೆ. ಅವಳಲ್ಲಿ ಉಳಿದಿದ್ದ ತಾಯಿಯ ಗುರುತು ಅದೊಂದೇ. ಸೀರೆ ಸಿದ್ದವ್ವನವರ ಮನೆಯಲ್ಲೇ ಉಳಿಯಿತೆಂದುಕೊಂಡ ಮಂಜವ್ವ, ಅರಿವಿಲ್ಲದೆಯೇ ಅದರ ಮೇಲೆ ಮೂರು ತಿಂಗಳು ತಾನೇ ಹೊಲಿಗೆ ಹಾಕಿದಳು. ಹೋದ ಗುರುವಾರ ಮೂರು ಮೂಲೆ ಮುಗಿದ ಕೌದಿಯನ್ನು ತಂದಿಟ್ಟು, "ಯಕ್ಕಾ, ನಮ್ಮವ್ವನ ಸೀರಿ ಕೊಡ್ರಿ," ಎಂದಳು. ಮನೆಯೆಲ್ಲ ಹುಡುಕಿದ್ದಾಯಿತು. ಕಡೆಗೆ ತೆರೆದ ಮೂಲೆಯಲ್ಲಿ ಕೆಂಪು ಸೆರಗಿನ ಅಂಚು ಇಣುಕಿತು.

"ಆಕಿ ಅಳಲಿಲ್ರಿ. ಅತ್ತಿದ್ರ ಚಲೋ ಇತ್ತು," ಎನ್ನುತ್ತಾರೆ ಸಿದ್ದವ್ವ. "ಸುಮ್ನ ಮೂಲ್ಯಾಗ ಬೆರಳು ಹಾಕಿ, ಅವ್ವನ ಸೀರಿ ಅಂಚು ಹಿಡಕೊಂಡು ಬಸ್ಸು ಬರೂಮಟ ಕುಂತ್ಲು."

ಬಿಚ್ಚಿ ಕೊಡಬಹುದಲ್ಲ ಎಂದರೆ ತಲೆಯಾಡಿಸುತ್ತಾರೆ. ಆರು ವರ್ಷದ ಹಿಂದೆ ಬಳಗದ ಹಿರಿಯಳಾದ ತಡಸದ ವೀರವ್ವ ತನ್ನ ಮದುವೆಯ ಕುಪ್ಪಸದ ತುಂಡನ್ನು ಕೌದಿಗೆ ಹಾಕಿ, ಆಮೇಲೆ ಮನಸ್ಸು ತಡೆಯದೆ ಬಿಚ್ಚಿಕೊಳ್ಳುತ್ತೇನೆಂದು ಬಂದಿದ್ದರು. ಕೊಡಲೆಂದು ಹೊಲಿದದ್ದು ಕೊಟ್ಟಂತೆಯೇ ಎಂದು ಸಿದ್ದವ್ವ ಖಡಾಖಂಡಿತವಾಗಿ ಹೇಳಿಬಿಟ್ಟರು. ವೀರವ್ವ ಎರಡು ವರ್ಷ ಅವರೊಡನೆ ಮಾತಾಡಲಿಲ್ಲ. ಆದರೆ ಬಳಗಕ್ಕೆ ಬರುವುದನ್ನು ಬಿಡಲಿಲ್ಲ. "ಅವತ್ತು ವೀರವ್ವಗ ಇಲ್ಲ ಅಂದ ಬಾಯಿಲೆ ಇವತ್ತು ನನ್ನ ತಪ್ಪಿಗೆ ಹೂಂ ಅನ್ನೂದು ಹೆಂಗ್ರಿ?"

ಸೋಮವಾರ ಹತ್ತು ಗಂಟೆಗೆ ಎಂಟೂ ಜನ ಸೇರಿದ್ದಾರೆ. ಎಂಟು ಕೌದಿಗಳು ಪಡಸಾಲೆಯ ತುಂಬ ಹಾಸಿವೆ. ಒಬ್ಬರದನ್ನು ಒಬ್ಬರು ತಿರುವಿ ನೋಡುತ್ತ, "ಇದೇನ ಹೊಲಿಗಿನೋ, ಹಾವು ಹೋದ ದಾರಿನೋ?" ಎಂದು ಚೇಷ್ಟೆ ಮಾಡುತ್ತಿದ್ದಾರೆ. ನಡುವೆ ಸಿದ್ದವ್ವ ಎದ್ದು ನಿಂತು, ಆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಏನನ್ನೂ ಬೇಡುವುದಿಲ್ಲ. ಮಂಜವ್ವ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಾಳೆ.

"ಆತು, ಕೇಳಿದ್ವಿ," ಎನ್ನುತ್ತಾರೆ ರಹಿಮಾಬಿ. "ಚಾ ಆರತೈತಿ, ಕುಡೀರಿ. ವೀರವ್ವಕ್ಕಾ, ಮೊದಲ ಪಾಳಿ ನಿಂದು, ಏಳು."

ವೀರವ್ವ ಎದ್ದು ನೇರವಾಗಿ ಮಂಜವ್ವನ ಕೌದಿಯ ಬಳಿಗೇ ಹೋಗುತ್ತಾರೆ. ಎಂಟರಲ್ಲಿ ಅದೇ ಚೆಲುವಾದದ್ದು. ಗೆರೆ ಎಳೆದಂಥ ಹೊಲಿಗೆ, ಸಣ್ಣ ಸಣ್ಣ ತ್ರಿಕೋನಗಳ ಅಂಚು. ಎತ್ತಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ತೆರೆದ ಮೂಲೆಯೊಳಗೆ ಎರಡು ಬೆರಳಿಟ್ಟು ತಡವುತ್ತಾರೆ. ಕೌದಿಯನ್ನು ಮೊದಲಿನಂತೆಯೇ ಮಡಿಸಿ ಕೆಳಗಿಡುತ್ತಾರೆ ವೀರವ್ವ.

"ನನಗ ಭಾರ ಆಗತೈತಿ," ಎಂದು ರಹಿಮಾಬಿಯವರ ಕೌದಿಯನ್ನು ಎತ್ತಿಕೊಳ್ಳುತ್ತಾರೆ.

ಎರಡನೆಯ ಪಾಳಿ ರಹಿಮಾಬಿಯವರದು. ಅವರು ಒಂದು ಕ್ಷಣ ಬೆರಳು ಮಡಿಸಿ ಲೆಕ್ಕ ಹಾಕಿ, ಶಿಗ್ಗಾವಿಯವಳು ಹೊಲಿದ, ಎಲ್ಲಕ್ಕಿಂತ ಒರಟಾದ ಕೌದಿಗೆ ಕೈ ಹಾಕುತ್ತಾರೆ. ಆ ಶಿಗ್ಗಾವಿಯವಳ ಪಾಳಿ ಆರನೆಯದು. ಅವಳಿಗೆ ಅವಳದೇ ಉಳಿದರೆ, ಅದನ್ನು ಒಯ್ಯುವಂತಿಲ್ಲದೆ ಮಂಜವ್ವನದಕ್ಕೆ ಕೈ ಹಾಕಬೇಕಾಗಿ ಎಲ್ಲ ಕೆಡುತ್ತದೆ.

"ಯಾಕ ರಹಿಮಾಬಿ, ಕಣ್ಣು ಹೋದವೇನ?" ಎಂದು ಯಾರೋ ಕೆಣಕುತ್ತಾರೆ.

"ಕಣ್ಣು ಅದಾವು ಅಂತನ ಇದನ್ನ ತಗೊಂಡೇನಿ, ಸುಮ್ನ ಕುಂದ್ರ."

ಆಮೇಲಿನ ನಾಲ್ವರೂ ಆ ಚೆಲುವಾದ ಕೌದಿಯನ್ನು ಬಳಸಿಕೊಂಡು ಹೋಗಿ ಬೇರೆಯದನ್ನು ಆರಿಸುತ್ತಾರೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕೊನೆಗೆ ಚಾಪೆಯ ಮೇಲೆ ಉಳಿದದ್ದು ಎರಡೇ: ಸಿದ್ದವ್ವ ಹೊಲಿದದ್ದು, ಮಂಜವ್ವ ಹೊಲಿದದ್ದು. ಆರಿಸಬೇಕಾದವರೂ ಅವರಿಬ್ಬರೇ. ತನ್ನದನ್ನು ತಾನು ಒಯ್ಯುವಂತಿಲ್ಲ. ಮಂಜವ್ವ ಸಿದ್ದವ್ವನವರ ಕೌದಿಯನ್ನು ಎತ್ತಿಕೊಳ್ಳುತ್ತಾಳೆ. ಉಳಿದೊಂದರ ಮುಂದೆ ಸಿದ್ದವ್ವ ಸುಮ್ಮನೆ ನಿಂತುಬಿಟ್ಟಿದ್ದಾರೆ.

"ನಿಂತೇನ ನೋಡತಿ?" ವೀರವ್ವನ ದನಿ ಗಡುಸಾಗಿಯೇ ಇದೆ. "ಈಗ ಅದು ನಿಂದು. ಮೂಲಿ ಹೊಲಿತಿಯೋ, ಹೊಲದದ್ದು ಬಿಚ್ಚತಿಯೋ, ನಮ್ಮನ್ನ ಕೇಳಬ್ಯಾಡ."

ಸಿದ್ದವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಅಲ್ಲಿಯೇ ಕುಳಿತು, ತೆರೆದ ಮೂಲೆಯ ಪಕ್ಕದ ಮೊದಲ ಹೊಲಿಗೆಗೆ ಸೂಜಿಯ ಮೊನೆ ಕೊಡುತ್ತಾರೆ. ಕತ್ತರಿ ಬಳಸುವುದಿಲ್ಲ, ಕತ್ತರಿಗೆ ದಾರ ಯಾವುದು, ಸೀರೆಯ ಎಳೆ ಯಾವುದು ಎಂಬುದು ತಿಳಿಯುವುದಿಲ್ಲವಂತೆ. ಒಂದೊಂದೇ ಟಾಕನ್ನು ಎತ್ತಿ, ಸಡಿಲಿಸಿ, ದಾರವನ್ನು ಹಿಂದಕ್ಕೆಳೆಯಬೇಕು. ಇಡೀ ಸೀರೆ ಹೊರಬರಲು ಮೂರು ವಾರವಾದರೂ ಬೇಕು. ಸೀರೆ ತೆಗೆದ ಜಾಗಕ್ಕೆ ತಮ್ಮದೊಂದು ಹಳೆಯ ಸೀರೆ ಹಾಸಿ ಮತ್ತೆ ಹೊಲಿಯುತ್ತಾರೆ. ಈ ಮಳೆಗಾಲಕ್ಕೆ ಅವರಿಗೆ ಹೊಸ ಕೌದಿ ಸಿಕ್ಕಲಿಕ್ಕಿಲ್ಲ.

"ಸೂಜಿ ತೂತು ಹಂಗ ಉಳೀತಾವಲ್ಲವ್ವಾ," ಎನ್ನುತ್ತಾರೆ ಮಂಜವ್ವನ ಕಡೆ ನೋಡದೆ.

"ಉಳೀಲಿ ಬಿಡ್ರಿ ಯಕ್ಕಾ. ಅವು ನಾನ ಹಾಕಿದ್ದು," ಎಂದು ಮಂಜವ್ವ ಪಕ್ಕದಲ್ಲಿ ಕುಳಿತು, ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಳ್ಳತೊಡಗುತ್ತಾಳೆ.

ಸಂಜೆಯ ಬಸ್ಸಿಗೆ ಎಲ್ಲರೂ ಹೊರಟುಹೋಗಿದ್ದಾರೆ. ಬಿಚ್ಚಿದ ಜಾಗದಲ್ಲಿ ಕೆಂಪು ಸೆರಗು ಒಂದು ಗೇಣು ಹೊರಬಂದಿದೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ಸಿದ್ದವ್ವ ಸೂಜಿ ನಿಲ್ಲಿಸುವುದಿಲ್ಲ.

"ಯುಗಾದಿಗೆ ಆಕಿ ಅವ್ವನ ಸೀರಿ ಉಟ್ಕೊಂಡು ಬಂದು ಈ ಬಾಗಿಲಾಗ ನಿಂದ್ರಬೇಕ್ರಿ, ಅಷ್ಟ. ಎಲ್ಲೆರ ಒಂದು ಎಳಿ ಹರದಿದ್ರ ವೀರವ್ವ ಹುಡುಕಿ ತೋರಸಲಿ. ಸಿಗೂದಿಲ್ಲ ಆಕಿಗೆ."